ಪಬ್ಲಿಕ್ ಪೋಸ್ಟ್ ತಾನೇ, ಹೆಸರು ತೆಗೆದರೆ ಸಾಕಲ್ಲವೇ?

ಪ್ರಶ್ನೆ: ಗದಗ, ಹಾವೇರಿ ಕಡೆಯಿಂದ ಧಾರವಾಡದ ಸಪ್ತಾಪುರಕ್ಕೆ ಕೋಚಿಂಗ್‌ಗೆ ಬಂದ ಹುಡುಗ ಹುಡುಗಿಯರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಾರೆ ಎಂಬುದು ನನ್ನ ಎಂ.ಎ. ಕಿರುಪ್ರಬಂಧದ ವಿಷಯ. ಪಬ್ಲಿಕ್ ಪೋಸ್ಟ್‌ಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ. ಹೆಸರು, ಫೋಟೊ ತೆಗೆದರೆ ಸಾಕಲ್ಲವೇ? ಒಬ್ಬೊಬ್ಬರನ್ನೂ ಕೇಳಬೇಕೇ?

ಉತ್ತರ: ಸಾಲದು. ಎಲ್ಲರನ್ನೂ ಕೇಳಬೇಕಿಲ್ಲ, ಆದರೆ ಯಾರ ಮಾತನ್ನು ಇದ್ದದ್ದು ಇದ್ದಂತೆ ಅಚ್ಚು ಹಾಕುತ್ತೀರೋ ಅವರನ್ನು ಕೇಳಲೇಬೇಕು.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿ ತಾನೇ ಬಹಿರಂಗಪಡಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಂಶೋಧನೆಗೂ ಷರತ್ತಿನ ಮೇಲೆ ವಿನಾಯಿತಿ ಇದೆ. ಗಮನಿಸಿ, 'ತಾನೇ' ಬಹಿರಂಗಪಡಿಸಿದ್ದು. ಗೆಳೆಯ ಟ್ಯಾಗ್ ಮಾಡಿದ ಫೋಟೊ, ಕಾಮೆಂಟಿನಲ್ಲಿ ಇನ್ನೊಬ್ಬರು ಬಾಯಿಬಿಟ್ಟ ಸುದ್ದಿ ಇದರಲ್ಲಿ ಬರುವುದಿಲ್ಲ. ಈ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪಿಯುಸಿ ಓದುವವರ ಪೋಸ್ಟ್ ನಿಮ್ಮ ಪಟ್ಟಿಯಲ್ಲಿ ಬೇಡ.

ಕಾನೂನು ಬಿಟ್ಟರೂ ಗೂಗಲ್ ಬಿಡುವುದಿಲ್ಲ, ನಿಜವಾದ ತೊಡಕು ಅಲ್ಲಿದೆ. ಇಂಥದೊಂದು ಪೋಸ್ಟ್ ಸಿಕ್ಕಿದೆ ಎಂದುಕೊಳ್ಳಿ: 'ಈ ಸಲಾನೂ ಪಿಎಸ್‌ಐ ಲಿಸ್ಟಿನ್ಯಾಗ ಹೆಸರಿಲ್ಲ. ಅವ್ವಗ ಫೋನ್ ಮಾಡಾಕ ಧೈರ್ಯ ಆಗವಲ್ದು.' ಬರೆದವರ ಹೆಸರು ತೆಗೆದು ಇದನ್ನು ಪ್ರಬಂಧದಲ್ಲಿ ಹಾಕುತ್ತೀರಿ. ಓದಿದವರು ಇದರೊಳಗಿನ ಐದಾರು ಪದ ಎತ್ತಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಪೋಸ್ಟೇ ಎದುರಿಗೆ ಬರಬಹುದು. 'ಮಳೆ ಬರುತ್ತಿದೆ' ಎಂದು ಸಾವಿರ ಜನ ಬರೆದಿರುತ್ತಾರೆ, 'ಧೈರ್ಯ ಆಗವಲ್ದು' ಎಂದು ಬರೆದವರು ಎಷ್ಟು ಮಂದಿ? ನಮ್ಮ ಕಡೆಯ ಮಾತಿಗೆ ಅಚ್ಚಿನ ಕಾಗುಣಿತ ಗಟ್ಟಿಯಾಗಿಲ್ಲ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹಾಗಾಗಿ ಆ ಬರಹವೇ ಹೆಬ್ಬೆಟ್ಟಿನ ಗುರುತು. ಪಿಎಚ್.ಡಿ. ಪ್ರಬಂಧವಾದರೆ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಜಗತ್ತಿಗೇ ತೆರೆದುಕೊಳ್ಳುತ್ತದೆ. ಕಿರುಪ್ರಬಂಧವೂ ಪಿಡಿಎಫ್ ಆಗಿ ಕೈಯಿಂದ ಕೈಗೆ ಹೋಗುವುದು ನಿಮಗೆ ಗೊತ್ತಿರುವುದೇ.

ಪೋಸ್ಟ್‌ಗಳನ್ನು ಮಾತು ಬದಲಿಸಿ ಬರೆಯಿರಿ ಎನ್ನುವುದು ರೂಢಿಯ ಸಲಹೆ. 'ಆಯ್ಕೆಪಟ್ಟಿಯಲ್ಲಿ ಹೆಸರು ಬಾರದ ದಿನ ಮನೆಯವರಿಗೆ ತಿಳಿಸಲು ಅಳುಕು' ಎಂದು ಬರೆದರೆ ಯಾರೂ ಹಿಡಿಯಲಾರರು. ಆದರೆ ನೀವು ಹುಡುಕಲು ಹೊರಟದ್ದೇ ಕೈತಪ್ಪಿತು. 'ಮಾಡಲಿಕ್ಕೆ' ಅನ್ನದೆ 'ಮಾಡಾಕ' ಅಂದದ್ದರಲ್ಲೇ ಆ ಹುಡುಗ ಊರನ್ನು ಬಿಟ್ಟುಕೊಟ್ಟಿಲ್ಲ ಎಂಬುದು ಇತ್ತು. ಅಸ್ಮಿತೆಯ ಅಧ್ಯಯನಕ್ಕೆ ಮೂಲ ಮಾತು ಬೇಕು, ಬರೆದವರ ರಕ್ಷಣೆಗೆ ಅದು ಬೇಡ. ಇದಕ್ಕೊಂದು ದಾರಿ: 200 ಪೋಸ್ಟ್ ಓದಿ, ಎಣಿಕೆ ಮಾಡಿ, 'ಮಾಡಾಕ', 'ಹೋಗಾಕ' ಥರದ ರೂಪಗಳನ್ನು ಬಿಡಿಬಿಡಿಯಾಗಿ ಕೋಷ್ಟಕದಲ್ಲಿ ತೋರಿಸಿ. ಇಡೀ ವಾಕ್ಯ ಬೇಕೇಬೇಕು ಅನ್ನಿಸುವ ಹತ್ತು ಹನ್ನೆರಡಕ್ಕೆ ಮಾತ್ರ ಒಪ್ಪಿಗೆ ಕೇಳಿ. ಉಳಿದದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ, ಹೇಳಿದ ಮೇಲೆ ನೀವೇ ಹುಡುಕಿ ನೋಡಿ. ಮೂಲ ಪೋಸ್ಟ್ ಸಿಕ್ಕರೆ ಇನ್ನೊಮ್ಮೆ ತಿದ್ದಿ.

'ಪಬ್ಲಿಕ್ ಇತ್ತಲ್ಲ' ಎಂಬ ವಾದ ಹಳೆಯದು. 2008ರಲ್ಲಿ ಅಮೆರಿಕದ ಸಂಶೋಧಕರು ಒಂದು ಕಾಲೇಜಿನ ಸುಮಾರು 1,640 ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿಯನ್ನು ಹೆಸರು ತೆಗೆದು ಬಿಡುಗಡೆ ಮಾಡಿದರು, ಕಾಲೇಜಿನ ಹೆಸರನ್ನೂ ಹೇಳಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ, ಅಲ್ಲಿ ಕಲಿಸುವ ವಿಷಯಗಳ ಪಟ್ಟಿ ಇಂಥ ವಿವರಗಳಿಂದಲೇ ಅದು ಹಾರ್ವರ್ಡ್ ಎಂದು ಬಯಲಾಯಿತು. ಕೆಲವು ದೇಶಗಳಿಂದ ಬಂದವರು ಒಬ್ಬೊಬ್ಬರೇ ಇದ್ದರು. ಕಾಲೇಜು ಗೊತ್ತಾದ ಮೇಲೆ ಅವರನ್ನು ಗುರುತಿಸುವುದು ಏನು ಕಷ್ಟ? ಇಂಟರ್ನೆಟ್ ಸಂಶೋಧನೆಯ ನೈತಿಕತೆ ಕುರಿತು ಬರೆಯುವ ಮೈಕೆಲ್ ಜಿಮ್ಮರ್ 2010ರಲ್ಲಿ ಈ ಪ್ರಕರಣವನ್ನು ಬಿಡಿಸಿ ಬರೆದಿದ್ದಾರೆ. ನಿಮ್ಮ ಪ್ರಬಂಧದಲ್ಲಿ 'ನರಗುಂದ ತಾಲೂಕಿನ, ಮೂರನೇ ಸಲ ಪರೀಕ್ಷೆ ಬರೆದ, ರೀಲ್ಸ್‌ನಲ್ಲಿ ಜನಪದ ಹಾಡುವ ಯುವತಿ' ಎಂದು ಬರೆದರೆ ಹೆಸರು ಬರೆದಂತೆಯೇ ಆಯಿತು. ತಾಲೂಕು ಬೇಡ, ಜಿಲ್ಲೆ ಸಾಕು. ವಯಸ್ಸು 23 ಎಂದಲ್ಲ, 21ರಿಂದ 25. ಕೋಷ್ಟಕದ ಯಾವುದೇ ಕೋಣೆಯಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ್ದಕ್ಕೆ ಸೇರಿಸಿ.

ಬರೆದವರ ಕಡೆಯಿಂದಲೂ ನೋಡಿ. ಸಂಶೋಧಕರಾದ ಮಾರ್ವಿಕ್ ಮತ್ತು ಬಾಯ್ಡ್ 2011ರಲ್ಲಿ ಟ್ವಿಟರ್ ಬಳಸುವವರ ಬಗ್ಗೆ ಬರೆಯುತ್ತ 'ಸಂದರ್ಭಗಳ ಕುಸಿತ'ದ ಮಾತೆತ್ತಿದರು: ಕಾಕಾ, ರೂಮ್‌ಮೇಟ್, ಕೋಚಿಂಗ್‌ನ ಸರ್ ಎಲ್ಲರೂ ಒಂದೇ ಪಟ್ಟಿಯಲ್ಲಿ ಕೂತಿರುವಾಗ, ಮನಸ್ಸಿನಲ್ಲಿ ಒಬ್ಬರನ್ನಿಟ್ಟುಕೊಂಡು ಬರೆದದ್ದನ್ನು ಎಲ್ಲರೂ ಓದುವ ಪಾಡು. ಆ ಸಾಲಿಗೆ ನೀವು ಈಗ ವೈವಾದ ಪರೀಕ್ಷಕರನ್ನೂ ತಂದು ಕೂರಿಸುತ್ತಿದ್ದೀರಿ.

ಒಪ್ಪಿಗೆ ಕೇಳುವ ಮೆಸೇಜ್ ಐದು ಸಾಲು ಮೀರಬಾರದು: ನೀವು ಯಾರು, ಯಾವ ವಿಭಾಗ, ಯಾವ ಪೋಸ್ಟ್, ಎಲ್ಲಿ ಅಚ್ಚಾಗುತ್ತದೆ, ಬೇಡವೆಂದರೆ ಬಿಡುತ್ತೇನೆ. ಕಚೇರಿ ಕನ್ನಡ ಬೇಡ. 'ನಮಸ್ಕಾರ್ರಿ, ನಿಮ್ಮ ಈ ಪೋಸ್ಟ್ ನನ್ನ ಪ್ರಬಂಧದಾಗ ಬಳಸಬಹುದೇನ್ರಿ?' ಎಂದೇ ಶುರು ಮಾಡಿ. ಅಪರಿಚಿತರ ಮೆಸೇಜ್ ರಿಕ್ವೆಸ್ಟ್‌ನಲ್ಲಿ ಕೂತುಬಿಡುತ್ತದೆ, ಒಂದು ವಾರ ಕಾಯಿರಿ, ಒಮ್ಮೆ ನೆನಪಿಸಿ. ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ.

ಹೆಚ್ಚು ಜನ ಎಡವುವುದು ಸ್ಕ್ರೀನ್‌ಶಾಟ್‌ನಲ್ಲಿ. ಫೋನಿನ ಹೈಲೈಟರ್‌ನಿಂದ ಹೆಸರಿಗೆ ಕಪ್ಪು ಬಳಿದರೆ ಅದು ಅರೆಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಅಕ್ಷರ ಮೂಡುತ್ತದೆ. ವರ್ಡ್‌ನಲ್ಲಿ ಮೇಲೆ ಇಟ್ಟ ಕಪ್ಪು ಚೌಕವನ್ನು ಯಾರು ಬೇಕಾದರೂ ಸರಿಸಬಹುದು. ಅಲ್ಲೇ ಕ್ರಾಪ್ ಮಾಡಿದ ಭಾಗವೂ ಫೈಲಿನೊಳಗೆ ಉಳಿದಿರುತ್ತದೆ. ಪೂರ್ತಿ ಕಪ್ಪು ಚೌಕ ಹಾಕಿ, ಅದನ್ನೇ ಮತ್ತೊಮ್ಮೆ ಸ್ಕ್ರೀನ್‌ಶಾಟ್ ತೆಗೆದು ಆ ಹೊಸ ಚಿತ್ರವನ್ನು ಅಂಟಿಸಿ. ಕಾಮೆಂಟ್ ಮಾಡಿದವರ ಹೆಸರು, ಸಮಯ, ಲೈಕ್ ಒತ್ತಿದವರ ಹೆಸರು ಮುಚ್ಚುವುದನ್ನು ಮರೆಯಬೇಡಿ. ನನ್ನನ್ನು ಕೇಳಿದರೆ ಸ್ಕ್ರೀನ್‌ಶಾಟೇ ಬೇಡ, ಟೈಪ್ ಮಾಡಿ.

ಸದಸ್ಯರಷ್ಟೇ ಓದಬಲ್ಲ ವಾಟ್ಸಾಪ್, ಟೆಲಿಗ್ರಾಮ್‌ನ ಸ್ಟಡಿ ಗ್ರೂಪ್‌ಗಳು ಪಬ್ಲಿಕ್ ಅಲ್ಲ. ಅಡ್ಮಿನ್ ಹೂಂ ಅಂದದ್ದು 200 ಜನರ ಹೂಂ ಆಗುವುದಿಲ್ಲ. ಸುಳ್ಳು ಖಾತೆ ತೆರೆದು ಒಳಹೊಕ್ಕರಂತೂ ಅದು ಸಂಶೋಧನೆಯಲ್ಲ, ಪತ್ತೇದಾರಿಕೆ.

ಹೆಸರಿನ ಬದಲು ನೀವು ಕೊಟ್ಟ ಸಂಕೇತಗಳಲ್ಲಿ ಯಾರು 'ಸ-07', ಯಾರು 'ಸ-08' ಎಂಬ ಪಟ್ಟಿಯನ್ನು ಪೋಸ್ಟ್‌ಗಳ ಫೈಲಿನ ಜೊತೆ ಇಡಬೇಡಿ. ಬೇರೆ ಪೆನ್‌ಡ್ರೈವ್‌ನಲ್ಲಿ, ಪಾಸ್‌ವರ್ಡ್ ಹಾಕಿ ಇಡಿ. ಒಪ್ಪಿದವರು ಆಮೇಲೆ ಬೇಡವೆನ್ನುವುದೂ ಉಂಟು. ಪ್ರಬಂಧ ಸಲ್ಲಿಸುವ ಹದಿನೈದು ದಿನ ಮುಂಚಿನ ಒಂದು ತಾರೀಖನ್ನು, ಬೇಡವೆನ್ನಲು ಅದೇ ಕೊನೆಯ ದಿನವೆಂದು, ಮೊದಲ ಮೆಸೇಜ್‌ನಲ್ಲೇ ತಿಳಿಸಿ. ಆ ತಾರೀಖಿನ ಹಿಂದಿನ ರಾತ್ರಿ ಎಲ್ಲ ಲಿಂಕ್‌ಗಳನ್ನೂ ಒಮ್ಮೆ ತೆರೆದು ನೋಡಿ. ಪೋಸ್ಟ್ ಅಳಿಸಿದ್ದರೆ ಅಥವಾ ಪ್ರೈವೇಟ್ ಮಾಡಿದ್ದರೆ, ಕೇಳದೆಯೇ ನಿಮ್ಮ ಪುಟದಿಂದಲೂ ತೆಗೆಯಿರಿ.