ಜಂಟಿ ವಿಷತ್ವ: ಮೈಕ್ರೊಪ್ಲಾಸ್ಟಿಕ್ ಮತ್ತು ರಾಸಾಯನಿಕಗಳು ಒಟ್ಟಿಗೆ ಹೊಟ್ಟೆ ಸೇರಿದಾಗ

ಒಂದಕ್ಕಿಂತ ಹೆಚ್ಚು ಮಾಲಿನ್ಯಕಾರಕಗಳು ಏಕಕಾಲದಲ್ಲಿ ಒಂದು ಜೀವಿಯನ್ನು ತಾಕಿದಾಗ ಅದಕ್ಕಾಗುವ ಒಟ್ಟು ಹಾನಿಯನ್ನು ಜಂಟಿ ವಿಷತ್ವ ಎನ್ನುತ್ತಾರೆ. ಇದನ್ನೇ ಸಂಯುಕ್ತ ವಿಷತ್ವ ಎಂದು ಬರೆಯುವವರೂ ಇದ್ದಾರೆ. ಆದರೆ ರಸಾಯನಶಾಸ್ತ್ರದಲ್ಲಿ ಸಂಯುಕ್ತ ಎಂದರೆ ಧಾತುಗಳು ಕೂಡಿ ಹುಟ್ಟಿದ ಹೊಸ ವಸ್ತು ಎಂಬ ಅರ್ಥ ಬೇರೂರಿರುವುದರಿಂದ, ಮತ್ತು ಇಲ್ಲಿ ಅಂಥ ಹೊಸ ವಸ್ತು ಹುಟ್ಟಲೇಬೇಕೆಂದಿಲ್ಲವಾದ್ದರಿಂದ, ಜಂಟಿ ಎಂಬ ಮಾತೇ ಹೆಚ್ಚು ಸರಿಯೆಂದು ನನಗನಿಸುತ್ತದೆ. ಕಡಲಿನ ಸಣ್ಣ ಪ್ರಾಣಿಗಳ ವಿಷಯದಲ್ಲಿ ಈ ಪದ ಬಂದಾಗ ಜೋಡಿಯ ಒಂದು ಕಡೆ ಬಹುತೇಕ ಮೈಕ್ರೊಪ್ಲಾಸ್ಟಿಕ್, ಅಂದರೆ 5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು, ಇರುತ್ತದೆ; ಇನ್ನೊಂದು ಕಡೆ ಕೀಟನಾಶಕ, ಪಿಸಿಬಿ (ಹಿಂದೆ ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಕ್ಲೋರಿನ್ ಇರುವ ರಾಸಾಯನಿಕ), ಭಾರಲೋಹ ಅಥವಾ ಔಷಧದ ಶೇಷ ಇರಬಹುದು.

ಈ ಎರಡೂ ಜೊತೆಯಾಗುವುದು ಆಕಸ್ಮಿಕವಲ್ಲ. ಪಿಸಿಬಿ, ಡಿಡಿಟಿಯಂಥ ರಾಸಾಯನಿಕಗಳು ನೀರಿನಲ್ಲಿ ಸುಲಭವಾಗಿ ಕರಗದೆ, ಎಣ್ಣೆಯಂಥ ವಸ್ತು ಸಿಕ್ಕಿದೊಡನೆ ಅತ್ತ ಸರಿದುಬಿಡುತ್ತವೆ, ಮತ್ತು ಅವುಗಳ ಮಟ್ಟಿಗೆ ಪ್ಲಾಸ್ಟಿಕ್ ಎಂಬುದು ಗಟ್ಟಿಯಾದ ಎಣ್ಣೆಯೇ ಸರಿ. ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಗುಳಿಗೆಗಳಲ್ಲಿ ಇಂಥ ರಾಸಾಯನಿಕಗಳ ಸಾಂದ್ರತೆ ಸುತ್ತಲಿನ ಸಮುದ್ರದ ನೀರಿಗಿಂತ ಒಂದು ಲಕ್ಷದಿಂದ ಹತ್ತು ಲಕ್ಷ ಪಟ್ಟು ಹೆಚ್ಚಿರಬಲ್ಲದು ಎಂಬುದನ್ನು ಜಪಾನಿನ ಸಂಶೋಧಕರು 2001ರಲ್ಲೇ ತೋರಿಸಿದ್ದರು. ಇದು ಹೊರಗಿನಿಂದ ಅಂಟಿಕೊಂಡದ್ದರ ಮಾತು. ತಯಾರಿಕೆಯ ಹಂತದಲ್ಲೇ ಬೆರೆಸಿದ ಥ್ಯಾಲೇಟ್, ಬಿಸ್ಫಿನಾಲ್‌ನಂಥವು ಒಳಗಿನಿಂದ ಸೋರುವುದು ಬೇರೆ.

ಕಡಲ ಆಹಾರ ಸರಪಳಿಯ ಬುಡದಲ್ಲಿರುವ ಕೋಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಯನ್ನು ನೋಡೋಣ. ಹಲವು ಪ್ರಭೇದಗಳಲ್ಲಿ ಅದರ ಉದ್ದ ಒಂದೆರಡು ಮಿಲಿಮೀಟರ್ ಮಾತ್ರ. ಬಾಯಿಯ ಬಳಿಯ ಅವಯವಗಳನ್ನು ಆಡಿಸಿ, ನೀರಿನ ಸಣ್ಣ ಹರಿವನ್ನು ತನ್ನತ್ತ ಎಳೆದು, ಅದರಲ್ಲಿ ತೇಲಿಬರುವ ಪಾಚಿಕಣಗಳನ್ನು ಅದು ಹಿಡಿದು ತಿನ್ನುತ್ತದೆ. ಅಷ್ಟೇ ಗಾತ್ರದ ಪ್ಲಾಸ್ಟಿಕ್ ಮಣಿ ಬಂದರೆ ಅದೂ ಒಳಗೆ ಹೋಗುತ್ತದೆ. ಪಾಚಿಯ ಜೊತೆ 20 ಮೈಕ್ರಾನ್‌ನ ಪಾಲಿಸ್ಟೈರೀನ್ ಮಣಿಗಳನ್ನು ಕೊಟ್ಟ ಪ್ರಯೋಗವೊಂದರಲ್ಲಿ ಕೋಪೆಪಾಡ್‌ಗಳು ಕಡಿಮೆ ಆಹಾರ ತಿಂದವು, ಅವುಗಳ ಮೊಟ್ಟೆಗಳು ಚಿಕ್ಕದಾದವು, ಮರಿಯಾದ ಮೊಟ್ಟೆಗಳೂ ಕಡಿಮೆಯಾದವು. ಗಮನಿಸಿ, ಇಲ್ಲಿ ಬೇರೆ ರಾಸಾಯನಿಕವನ್ನು ಸೇರಿಸಿರಲೇ ಇಲ್ಲ. ಹೀಗೆ ಅರೆಹೊಟ್ಟೆಯಲ್ಲಿರುವ ಪ್ರಾಣಿಗೆ ಕೀಟನಾಶಕವೂ ತಗುಲಿದರೆ ಆಗುವುದೇನು ಎಂಬಲ್ಲಿ ಜಂಟಿ ವಿಷತ್ವದ ಪ್ರಶ್ನೆ ಆರಂಭವಾಗುತ್ತದೆ.

ಉತ್ತರಕ್ಕೆ ಲೆಕ್ಕ ಬೇಕು. ನೂರು ಪ್ರಾಣಿಗಳಲ್ಲಿ ಪ್ಲಾಸ್ಟಿಕ್ ಒಂದರಿಂದಲೇ 10, ರಾಸಾಯನಿಕ ಒಂದರಿಂದಲೇ 20 ಸಾಯುತ್ತವೆ ಎಂದುಕೊಳ್ಳಿ. ಎರಡೂ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ ಸಾಯುವವು 30 ಅಲ್ಲ, 28. ಏಕೆಂದರೆ ಪ್ಲಾಸ್ಟಿಕ್‌ನಿಂದ ಬದುಕುಳಿದ 90ರಲ್ಲಿ ಮಾತ್ರ ಐದನೆಯ ಒಂದು ಭಾಗವನ್ನು ರಾಸಾಯನಿಕ ಕೊಲ್ಲುತ್ತದೆ. ಈ ಬಗೆಯ ಲೆಕ್ಕವನ್ನು 1939ರಲ್ಲಿ ಅಮೆರಿಕದ ಚೆಸ್ಟರ್ ಬ್ಲಿಸ್ ವಿವರಿಸಿದರು. ನಿಜವಾದ ಸಾವು 28ರ ಆಸುಪಾಸಿನಲ್ಲಿದ್ದರೆ ಎರಡೂ ಸ್ವತಂತ್ರ, ಸ್ಪಷ್ಟವಾಗಿ ಮೇಲೇರಿದರೆ ಒಂದು ಇನ್ನೊಂದನ್ನು ಹುರಿದುಂಬಿಸಿದೆ, ಅದು ಸಹವರ್ಧನೆ, ಕೆಳಗಿಳಿದರೆ ಒಂದು ಇನ್ನೊಂದರ ಪರಿಣಾಮವನ್ನು ಕುಗ್ಗಿಸಿದೆ, ಅದು ವಿರೋಧಕ್ರಿಯೆ.

ಈ ಮೂರನೆಯದನ್ನು ಜನ ಮರೆಯುತ್ತಾರೆ. ಪ್ಲಾಸ್ಟಿಕ್ ರಾಸಾಯನಿಕವನ್ನು ಬಿಗಿಯಾಗಿ ಹಿಡಿದುಕೊಂಡಾಗ ನೀರಿನಲ್ಲಿ ಅದರ ಪ್ರಮಾಣ ಇಳಿದು, ಪ್ರಾಣಿಗೆ ತಗುಲುವ ವಿಷ ಕಡಿಮೆಯಾಗುವುದೂ ಉಂಟು. ಪ್ಲಾಸ್ಟಿಕ್ ಎಂದರೆ ವಿಷ ಹೊತ್ತು ತರುವ ಟ್ರೋಜನ್ ಕುದುರೆ ಎಂಬ ಜನಪ್ರಿಯ ಹೋಲಿಕೆಯಲ್ಲಿ ಈ ಸಾಧ್ಯತೆಗೆ ಜಾಗವೇ ಇಲ್ಲ. ಅಲ್ಲದೆ ರಾಸಾಯನಿಕ ಸಾಗುವ ದಿಕ್ಕನ್ನು ನಿರ್ಧರಿಸುವುದು ಎರಡು ಕಡೆಗಳಲ್ಲಿ ಅದರ ಮಟ್ಟದ ನಡುವಿನ ವ್ಯತ್ಯಾಸ: ಶುದ್ಧ ಪ್ರಾಣಿಗೆ ಕಲುಷಿತ ಪ್ಲಾಸ್ಟಿಕ್ ತಿನ್ನಿಸಿದರೆ ವಿಷ ದೇಹಕ್ಕೆ ಇಳಿಯುತ್ತದೆ, ಈಗಾಗಲೇ ಕಲುಷಿತವಾದ ಪ್ರಾಣಿ ಶುದ್ಧ ಪ್ಲಾಸ್ಟಿಕ್ ನುಂಗಿದರೆ ಒಂದಷ್ಟು ವಿಷ ಪ್ಲಾಸ್ಟಿಕ್‌ಗೇ ಹೋಗಬಹುದು.

ಮರಳಿನಲ್ಲಿ ಬಿಲ ತೋಡಿ ಬದುಕುವ ಲಗ್‌ವರ್ಮ್ ಹುಳುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಈ ಸಿಕ್ಕನ್ನು ಚೆನ್ನಾಗಿ ತೋರಿಸುತ್ತದೆ. ರಾಸಾಯನಿಕ ಸವರಿದ ಪಿವಿಸಿ ಕಣಗಳಿಂದ ವಿಷ ಹುಳುವಿನ ದೇಹಕ್ಕೆ ಇಳಿದದ್ದು ನಿಜ, ಆದರೆ ಅದೇ ರಾಸಾಯನಿಕ ಸವರಿದ ಮರಳಿನಿಂದ ಇನ್ನೂ ಹೆಚ್ಚು ಇಳಿಯಿತು. ಹಾಗೆಂದು ಪಿವಿಸಿ ನಿರಪರಾಧಿಯಾಗಲಿಲ್ಲ: ಅದು ತಂದ ರಾಸಾಯನಿಕಗಳಲ್ಲೊಂದಾದ ನೊನೈಲ್‌ಫಿನಾಲ್‌ನಿಂದ ರೋಗಾಣುಗಳನ್ನು ತೊಲಗಿಸುವ ಹುಳುವಿನ ಶಕ್ತಿ ಶೇ 60ಕ್ಕೂ ಹೆಚ್ಚು ಕುಗ್ಗಿತು, ಏನನ್ನೂ ಸವರದ ಬರೀ ಪಿವಿಸಿ ಸಹ ಹುಳುವನ್ನು ಉತ್ಕರ್ಷಣ ಒತ್ತಡಕ್ಕೆ, ಅಂದರೆ ಆಮ್ಲಜನಕದ ಚುರುಕು ಅಣುಗಳು ಜೀವಕೋಶಗಳಿಗೆ ಮಾಡುವ ಹಾನಿಗೆ, ಸುಲಭವಾಗಿ ತುತ್ತಾಗುವಂತೆ ಮಾಡಿತು.

ಆದ್ದರಿಂದ ಯಾವುದೇ ವರದಿಯಲ್ಲಿ ಜಂಟಿ ವಿಷತ್ವ ಎಂಬ ಪದ ಕಂಡಾಗ ಎಷ್ಟು ತೊಟ್ಟಿಗಳನ್ನು ಇಟ್ಟಿದ್ದರು ಎಂದು ಮೊದಲು ನೋಡಬೇಕು. ಶುದ್ಧ ನೀರಿನದು, ಪ್ಲಾಸ್ಟಿಕ್ ಮಾತ್ರ ಇರುವುದು, ರಾಸಾಯನಿಕ ಮಾತ್ರ ಇರುವುದು, ಎರಡೂ ಇರುವುದು ಎಂದು ಕನಿಷ್ಠ ನಾಲ್ಕಿರಬೇಕು. ಪ್ಲಾಸ್ಟಿಕ್ ಬದಲಿಗೆ ಮರಳನ್ನೋ ಜೇಡಿಯನ್ನೋ ಹಾಕಿದ ಐದನೆಯ ತೊಟ್ಟಿಯೂ ಇದ್ದರೆ, ಆದ ಹಾನಿ ಪ್ಲಾಸ್ಟಿಕ್‌ನದೋ ಅಥವಾ ಯಾವುದೇ ಕಣ ಮಾಡಬಹುದಾದದ್ದೋ ಎಂಬುದೂ ತಿಳಿಯುತ್ತದೆ.