ಫ್ಲೈ ಗಿಟಾರಿಗೆ ದಪ್ಪ ತಂತಿ: ಚಕ್ರ ತಿರುಗಿಸಿದರೆ ಸಾಕೇ?

ಪ್ರಶ್ನೆ: ಹಳೆಯ ಪಾರ್ಕರ್ ಫ್ಲೈ ಕೊಂಡಿದ್ದೇನೆ. 9ರ ತಂತಿ ಸೆಟ್ (ಮೊದಲ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಭಾಗ) ತೆಗೆದು, ಅದಕ್ಕಿಂತ ದಪ್ಪದ 10ರ ಸೆಟ್ ಹಾಕಿದೆ. ಒಂದು ತಂತಿ ಶ್ರುತಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ. ಬ್ರಿಡ್ಜ್ (ತಂತಿಗಳ ಬುಡ ಹಿಡಿದು ಬಾಗುವ ಭಾಗ) ಕೆಟ್ಟಿದೆಯೇ?

ಇಲ್ಲ ಸ್ವಾಮಿ, ಬ್ರಿಡ್ಜ್ ಗಟ್ಟಿಮುಟ್ಟಾಗಿಯೇ ಇದೆ. ತಂತಿಗಳ ಎಳೆತಕ್ಕೆ ಎದುರು ನಿಲ್ಲುವ ಒಳಗಿನ ಸ್ಪ್ರಿಂಗ್ 9ರದ್ದು. ಅದನ್ನು ತೆಗೆದು 10ರದ್ದು ಹಾಕಿ. ಉತ್ತರ ಮುಗಿಯಿತು.

ಮುಗಿಯುವುದಿಲ್ಲ, ಗೊತ್ತು. "ಸ್ಪ್ರಿಂಗ್ ಯಾಕೆ, ಬ್ಯಾಲೆನ್ಸ್ ಚಕ್ರ ತಿರುಗಿಸಿದರೆ ಆಯಿತಲ್ಲ" ಎನ್ನುವವರು ಬಂದೇ ಬರುತ್ತಾರೆ. ಎಷ್ಟು ಸಲ ಹೇಳಿದರೂ ಸಾಯದ ಮಾತಿದು. ಲೆಕ್ಕವನ್ನೇ ನೋಡಿಬಿಡಿ. 648 ಮಿ.ಮೀ. ಸ್ಕೇಲಿನಲ್ಲಿ (ಮಿಡಿಯುವ ತಂತಿಯ ಉದ್ದ), ಮಾಮೂಲಿ ಶ್ರುತಿಯಲ್ಲಿ, 9–42 ಸೆಟ್ಟಿನ ಒಟ್ಟು ಎಳೆತ ಸುಮಾರು 38 ಕೆ.ಜಿ.; 10–46ರದ್ದು ಸುಮಾರು 46. ಎಳೆತ ಏರುವುದು ವ್ಯಾಸದ ವರ್ಗಕ್ಕೆ ತಕ್ಕಂತೆ. ಮೊದಲ ತಂತಿ ದಪ್ಪವಾಗುವುದು ಶೇ. 11, ಎಳೆತ ಹೆಚ್ಚುವುದು ಶೇ. 23. ಬೇರೆ ಗಿಟಾರಾದರೆ ಹಿಂದೆ ಇನ್ನೊಂದು ಸುರುಳಿ ಸ್ಪ್ರಿಂಗ್ ಸಿಕ್ಕಿಸಿ ಕೈತೊಳೆದುಕೊಳ್ಳಬಹುದು. ಫ್ಲೈನಲ್ಲಿರುವುದು ಒಂದೇ ಒಂದು ಚಪ್ಪಟೆ ಉಕ್ಕಿನ ಪಟ್ಟಿ. ಚಕ್ರ ಅದರ ಮೇಲಿನ ಒತ್ತಡವನ್ನು ಸ್ವಲ್ಪ ಹೆಚ್ಚುಕಮ್ಮಿ ಮಾಡುತ್ತದೆ, ಅಷ್ಟೇ; ಪಟ್ಟಿಯ ಸ್ವಂತ ಗಡಸುತನವನ್ನು ಬದಲಿಸುವುದಿಲ್ಲ. ಒಂದೇ ಅಳತೆಯ ಎರಡು ಬ್ರ್ಯಾಂಡ್ ತಂತಿಗಳ ನಡುವಿನ ವ್ಯತ್ಯಾಸ ಸರಿದೂಗಿಸಲು ಇರುವ ಚಕ್ರಕ್ಕೆ 8 ಕೆ.ಜಿ. ಹೊರಿಸಿದರೆ ಅದು ಕೊನೆಗೆ ಹೋಗಿ ನಿಲ್ಲುತ್ತದೆ, ಪಟ್ಟಿ ಬಾಗುತ್ತದೆ, ಒಂದು ದಿನ ಮುರಿಯುತ್ತದೆ. ಗಿಟಾರಿನ ತಯಾರಿಕೆಯೇ ನಿಂತಿರುವಾಗ ಬಿಡಿಭಾಗ ಮುರಿದುಕೊಳ್ಳುವ ಚಟ ಬೇಡ.

ಮಾಡಬೇಕಾದ್ದು: ತಂತಿ ಪೂರ್ತಿ ಸಡಿಲಿಸಿ, ಚಕ್ರವನ್ನೂ ಸಡಿಲಿಸಿ, ಹಿಂದಿನ ಮುಚ್ಚಳ ತೆಗೆದು ಪಟ್ಟಿ ಬದಲಿಸಿ. ಒಳಗಿನ ತೆಳು ರಿಬ್ಬನ್ ಸರ್ಕ್ಯೂಟಿಗೆ ಸ್ಕ್ರೂಡ್ರೈವರ್ ತಾಗಿಸಬೇಡಿ. ಬ್ರಿಡ್ಜಿನ ಬಾಗುವಿಕೆಗೆ ತಡೆಯಾಗಿರುವ ಸ್ಟಾಪನ್ನು ಕೆಳಗೆ (ಶ್ರುತಿ ಇಳಿಯುವತ್ತ) ಮಾತ್ರ ಬಾಗುವ ಸ್ಥಾನಕ್ಕಿಟ್ಟು ಶ್ರುತಿ ಮಾಡಿ. ಆಮೇಲೆ ಎರಡೂ ಕಡೆ ಬಾಗುವ ತೇಲುವ ಸ್ಥಾನಕ್ಕೆ ತನ್ನಿ. ಶ್ರುತಿ ಏರಿದರೆ ಸ್ಪ್ರಿಂಗ್ ಗೆದ್ದಿದೆ, ಚಕ್ರ ಸಡಿಲಿಸಿ. ಇಳಿದರೆ ತಂತಿ ಗೆದ್ದಿದೆ, ಬಿಗಿಗೊಳಿಸಿ. ಎರಡೂ ಸ್ಥಾನದಲ್ಲಿ ಒಂದೇ ಶ್ರುತಿ ನಿಲ್ಲುವವರೆಗೆ, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸದೆ. ಕೊನೆಗೆ ಇಂಟೊನೇಶನ್, ಅಂದರೆ ಕತ್ತಿನುದ್ದಕ್ಕೂ ಸ್ವರ ಸರಿಬರುವಂತೆ ಹೊಂದಿಸುವುದು.

ಡ್ರಾಪ್ ಡಿ (ಆರನೆಯ ತಂತಿಯನ್ನು ಇ-ಯಿಂದ ಡಿ-ಗೆ ಇಳಿಸುವ) ಪ್ರಯೋಗವೂ ಕೆಳಗೆ ಮಾತ್ರ ಬಾಗುವ ಸ್ಥಾನದಲ್ಲೇ. ಆರನೆಯ ತಂತಿ ಸಡಿಲಾದರೂ ಬ್ರಿಡ್ಜ್ ಸ್ಟಾಪಿಗೆ ಒರಗಿಯೇ ಇರುವುದರಿಂದ ಉಳಿದವು ಅಲುಗಾಡುವುದಿಲ್ಲ. ತೇಲುವ ಸ್ಥಾನದಲ್ಲಿ ಐದೂ ಏರುತ್ತವೆ.

ಯಾರೂ ಕೇಳದಿದ್ದರೂ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್ಟುಗಳ ಬಗ್ಗೆ ಹೇಳಿಬಿಡುತ್ತೇನೆ, ದಪ್ಪ ತಂತಿಯಿಂದ ಅವು ಸವೆಯುತ್ತವೆಂಬ ಭಯ ಹಿಂದೆಯೇ ಬರುತ್ತದೆ. ಕೆನ್ ಪಾರ್ಕರ್, ಲ್ಯಾರಿ ಫಿಶ್‌ಮನ್ 1993ರಲ್ಲಿ ಇದನ್ನು ಹೊರತಂದಾಗಲೇ ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಹಾಕಿದ್ದರು. ನಿಕಲ್ ತಂತಿಗೆ ಅವು ಸುಲಭದಲ್ಲಿ ಜಗ್ಗುವುದಿಲ್ಲ. ಆದರೆ ಮಾಮೂಲಿ ಫ್ರೆಟ್ಟುಗಳಂತೆ ಸೀಳಿನೊಳಗೆ ಇಳಿಯುವ ಬೇರು ಇವಕ್ಕಿಲ್ಲ. ಕಾಂಪೋಸಿಟ್ ಫಿಂಗರ್‌ಬೋರ್ಡಿನ ಮೇಲೆ ಅಂಟಿಸಿರುತ್ತಾರೆ. ಒಂದು ಕಡೆ ಮಾತ್ರ ತಂತಿ ಗುಂಯ್‌ಗುಟ್ಟಿದರೆ ಆ ಸುತ್ತಲಿನ ಫ್ರೆಟ್ಟುಗಳ ತುದಿಗಳನ್ನು ಉಗುರಿನಿಂದ ಒತ್ತಿ ನೋಡಿ. ಮಿಸುಕಿದರೆ ಅಂಟು ಬಿಟ್ಟಿದೆ. ಮರಳಿ ಅಂಟಿಸಬಹುದು. ಗರಗಸದಿಂದ ಸೀಳು ಕೊರೆದು ಮಾಮೂಲಿ ಫ್ರೆಟ್ ಕೂರಿಸುತ್ತೇನೆ ಎನ್ನುವ ರಿಪೇರಿಯವರಿಗೆ ಮಾತ್ರ ಈ ಗಿಟಾರ್ ಕೊಡಬೇಡಿ.