ಸಾಕುಮೊಲ ತನ್ನ ಗೂಡನ್ನೂ ಹುಲ್ಲುಹಾಸನ್ನೂ ಏಕೆ ಬದಲಿಸುತ್ತದೆ: ಒಂದು ಅಧ್ಯಯನ ಟಿಪ್ಪಣಿ

ಸಂಜೆ ನಾವು ಸಮವಾಗಿ ಹಾಸಿಟ್ಟ ಹುಲ್ಲನ್ನು ಸಾಕುಮೊಲವು ಬೆಳಗಾಗುವುದರೊಳಗೆ ಒಂದು ಮೂಲೆಗೆ ಒಟ್ಟಿರುತ್ತದೆ. ಗೋಣಿತಾಟನ್ನು ಮುದುರಿ ಹಿಂದಕ್ಕೆ ದಬ್ಬಿರುತ್ತದೆ. ನೀರಿನ ಬಟ್ಟಲನ್ನು ಬೋರಲು ಹಾಕಿ, ರಟ್ಟಿನ ಪೆಟ್ಟಿಗೆಯ ಕಿಂಡಿಯನ್ನು ಹಲ್ಲಿನಿಂದ ಕತ್ತರಿಸಿ ಅಗಲ ಮಾಡಿರುತ್ತದೆ. ಇದನ್ನು ತುಂಟತನವೆಂದೋ ಸಿಟ್ಟೆಂದೋ ಕರೆದು ಮುಂದೆ ಹೋದರೆ ಪ್ರಾಣಿಯ ಬಗ್ಗೆ ನಮಗೆ ತಿಳಿಯುವುದು ಏನೂ ಇಲ್ಲ. ತನ್ನ ನೆಲೆಯನ್ನು ತಾನೇ ತೋಡಿಕೊಳ್ಳುವ ವಂಶಕ್ಕೆ ಸೇರಿದ ಮೊಲವು ನಾವು ಸಿದ್ಧಮಾಡಿ ಕೊಟ್ಟ ಗೂಡಿನಲ್ಲಿಯೂ ಆ ಕೆಲಸವನ್ನು ಮುಂದುವರಿಸುತ್ತದೆ. ಆದರೆ ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ಕೆಲಸದ ಹಿಂದೆ ಹಲವು ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳನ್ನು ಒಂದರಿಂದ ಒಂದನ್ನು ಬಿಡಿಸಿ ನೋಡುವುದು ಈ ಟಿಪ್ಪಣಿಯ ಉದ್ದೇಶ.

ಬಿಲದ ವಂಶ

ಜಗತ್ತಿನ ಎಲ್ಲ ಸಾಕುಮೊಲದ ತಳಿಗಳೂ ಒಂದೇ ಕಾಡುಪ್ರಭೇದದಿಂದ ಬಂದವು. ಅದು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸಿನ ಮೂಲನಿವಾಸಿಯಾದ ಯುರೋಪಿಯನ್ ಮೊಲ, ವೈಜ್ಞಾನಿಕ ಹೆಸರು ಒರಿಕ್ಟೊಲಾಗಸ್ ಕ್ಯುನಿಕ್ಯುಲಸ್. ನಮ್ಮ ಬಯಲುಸೀಮೆಯ ಹೊಲಗಳ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಮುಸ್ಸಂಜೆಗೆ ಕಾಣುವ ಕಾಡುಮೊಲ ಬೇರೆಯೇ ಕುಲದ ಪ್ರಾಣಿ. ಅದು ಲೀಪಸ್ ನೈಗ್ರಿಕೊಲಿಸ್. ಕಾಡುಮೊಲವು ಬಿಲ ತೋಡುವುದಿಲ್ಲ, ಹುಲ್ಲಿನ ನಡುವೆ ಮೈಯಷ್ಟೇ ಅಗಲದ ತಗ್ಗಿನಲ್ಲಿ ಅಡಗಿ ಕೂರುತ್ತದೆ, ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು ಕಣ್ಣು ತೆರೆದಿರುತ್ತವೆ. ಯುರೋಪಿಯನ್ ಮೊಲದ ಮರಿಗಳಾದರೋ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ; ಸುಮಾರು 10 ದಿನಗಳಾದ ಮೇಲೆ ಕಣ್ಣು ತೆರೆಯುತ್ತವೆ. ಇಂತಹ ಮರಿಗಳು ಬದುಕಬೇಕಾದರೆ ಬಿಲವೂ ಬೇಕು, ಬಿಲದೊಳಗೆ ಬೆಚ್ಚಗಿನ ಹಾಸೂ ಬೇಕು. ಕಾಡುಮೊಲವನ್ನು ನೋಡಿ ಬೆಳೆದ ನಮಗೆ ಸಾಕುಮೊಲದ ತೋಡುವ ಚಟ ವಿಚಿತ್ರವಾಗಿ ಕಾಣುವುದು ಸಹಜ, ಏಕೆಂದರೆ ನಾವು ಹೋಲಿಸಿ ನೋಡುತ್ತಿರುವ ಪ್ರಾಣಿಯೇ ಬೇರೆ.

ನೂರಾರು ವರ್ಷಗಳ ಸಾಕಣೆಯಲ್ಲಿ ಮೈಬಣ್ಣ, ಗಾತ್ರ, ಕಿವಿಯ ಉದ್ದ ಎಲ್ಲವೂ ಬದಲಾದರೂ ಈ ಒಲವು ಅಳಿದಿಲ್ಲ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಜೀನೋಮ್ ಅಧ್ಯಯನವು ಸಾಕುಮೊಲಗಳನ್ನು ಕಾಡಿನ ಯುರೋಪಿಯನ್ ಮೊಲಗಳೊಂದಿಗೆ ಹೋಲಿಸಿ, ಸಾಕಣೆಯ ಪರಿಣಾಮವು ಯಾವುದೋ ಕೆಲವು ಜೀನ್‌ಗಳನ್ನು ಕೆಡಿಸಿದ್ದರಲ್ಲಿ ಇಲ್ಲ, ಮಿದುಳು ಮತ್ತು ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಅನೇಕ ಜೀನ್‌ಗಳ ಆಸುಪಾಸಿನ ಸಣ್ಣ ಸಣ್ಣ ಬದಲಾವಣೆಗಳಲ್ಲಿ ಇದೆ ಎಂದು ತೋರಿಸಿತು. ಮನುಷ್ಯನ ಭಯ ಕಡಿಮೆಯಾಗಿದೆ. ಉಳಿದ ವರ್ತನೆ ಬಹುಮಟ್ಟಿಗೆ ಹಾಗೆಯೇ ಇದೆ. ಸಾಕುಮೊಲಗಳನ್ನು ಮಣ್ಣಿನ ನೆಲವಿರುವ ವಿಶಾಲ ಆವರಣದಲ್ಲಿ ಬಿಟ್ಟರೆ ಅವು ಕಲಿಸುವವರಿಲ್ಲದೆಯೇ ಬಿಲ ತೋಡುತ್ತವೆ.

ತೋಡುವ ಚಲನೆಯನ್ನು ಗಮನಿಸುವುದು

ಬಿಲ ತೋಡುವಾಗ ಮೊಲ ಮುಂಗಾಲುಗಳಿಂದ ಬೇಗ ಬೇಗ ಕೆರೆದು ಮಣ್ಣನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳುತ್ತದೆ, ಹಿಂಗಾಲುಗಳಿಂದ ಅದನ್ನು ಹಿಂದಕ್ಕೆ ಒದೆಯುತ್ತದೆ, ಗುಡ್ಡೆಯಾದ ಮೇಲೆ ತಿರುಗಿ ನಿಂತು ಎರಡೂ ಮುಂಗಾಲು ಮತ್ತು ಎದೆಯಿಂದ ಆ ಮಣ್ಣನ್ನು ಮುಂದಕ್ಕೆ ನೂಕುತ್ತದೆ. ಹಾಸಿನ ಮೇಲೆ ನಾವು ನೋಡುವುದು ಇದೇ ಕ್ರಮವನ್ನು. ಬಟ್ಟೆಯನ್ನು ಕೆರೆದು ಮುದುರುವುದು ಮೊದಲ ಹಂತ, ಮುದುರಿದ್ದನ್ನು ನೂಕಿ ಚಪ್ಪಟೆ ಮಾಡುವುದು ಕೊನೆಯ ಹಂತ. ಮಣ್ಣಾಗಿದ್ದರೆ ಗುಳಿ ಬೀಳುತ್ತಿತ್ತು, ಕೆಲಸ ಒಂದು ನಿಲುಗಡೆಗೆ ಬರುತ್ತಿತ್ತು. ಬಟ್ಟೆ ಮತ್ತು ಹುಲ್ಲು ಎಷ್ಟು ಕೆರೆದರೂ ಗುಳಿಯಾಗುವುದಿಲ್ಲವಾದ್ದರಿಂದ ಮೊಲ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಮುಸ್ಸಂಜೆ ಮತ್ತು ನಸುಕಿನಲ್ಲಿ ಈ ಚಟುವಟಿಕೆ ಹೆಚ್ಚು, ಏಕೆಂದರೆ ಮೊಲ ಸ್ವಭಾವತಃ ಆ ಹೊತ್ತುಗಳಲ್ಲಿಯೇ ಚುರುಕಾಗಿರುವ ಪ್ರಾಣಿ.

ವಸ್ತುಗಳನ್ನು ಮೂಗಿನಿಂದ ದಬ್ಬಿ ಹಲ್ಲಿನಿಂದ ಎತ್ತಿ ಎಸೆಯುವುದನ್ನೂ ಇದರ ಜೊತೆಯಲ್ಲಿ ನೋಡಬೇಕು. ಮೊಲದ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಹಿಂದೆ ಬರುವ ಶತ್ರುವೂ ಅದಕ್ಕೆ ಕಾಣುತ್ತದೆ, ಆದರೆ ನೇರ ಮೂಗಿನ ಮುಂದೆ ಮತ್ತು ಗದ್ದದ ಕೆಳಗೆ ಇರುವುದು ಕಾಣುವುದಿಲ್ಲ. ಹತ್ತಿರದ ವಸ್ತುವನ್ನು ಅದು ಮೀಸೆ, ತುಟಿ ಮತ್ತು ಮೂಗಿನಿಂದ ತಿಳಿದುಕೊಳ್ಳುತ್ತದೆ. ತನ್ನ ಓಡುದಾರಿಗೆ ಅಡ್ಡವಾಗಿ ಏನಾದರೂ ಇದ್ದರೆ ಅದನ್ನು ಸರಿಸುತ್ತದೆ. ಅಪಾಯ ಬಂದಾಗ ಬಿಲಕ್ಕೆ ನೇರವಾಗಿ ನುಗ್ಗಬೇಕಾದ ಪ್ರಾಣಿಗೆ ದಾರಿ ತೆರವಾಗಿರುವುದು ಪ್ರಾಣದ ಪ್ರಶ್ನೆಯಾದ್ದರಿಂದ, ಆಹಾರದ ತಟ್ಟೆಯನ್ನು ಅಡಗುಪೆಟ್ಟಿಗೆಯ ಬಾಯಲ್ಲಿಟ್ಟರೆ ಅದು ಅಲ್ಲಿ ಉಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ವಾಸನೆ

ಗೂಡನ್ನು ಪೂರ್ತಿಯಾಗಿ ತೊಳೆದು ಹೊಸ ಹುಲ್ಲು ಹಾಕಿದ ಮರುಗಳಿಗೆಯಲ್ಲೇ ಮೊಲ ಹೆಚ್ಚು ಬಿರುಸಿನಿಂದ ಕೆರೆಯತೊಡಗುವುದನ್ನು ಸಾಕಿದವರೆಲ್ಲ ಬಲ್ಲರು. ಇದಕ್ಕೆ ಉತ್ತರ ಸಿಗುವುದು ಮೊಲದ ಗ್ರಂಥಿಗಳಲ್ಲಿ. ಗದ್ದದ ಕೆಳಗೆ, ಗುದದ್ವಾರದಲ್ಲಿ ಮತ್ತು ತೊಡೆಸಂದಿಯಲ್ಲಿ ಇರುವ ವಾಸನೆಯ ಗ್ರಂಥಿಗಳನ್ನು ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಎಂಬ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ರೋಮನ್ ಮೈಕಿಟೊವಿಚ್ 1960ರ ದಶಕದಲ್ಲಿ ವಿವರವಾಗಿ ಅಭ್ಯಾಸ ಮಾಡಿದರು. ಗುಂಪಿನಲ್ಲಿ ಮೇಲುಗೈ ಇರುವ ಗಂಡು ಹೆಚ್ಚು ಬಾರಿ ಗದ್ದ ಉಜ್ಜುತ್ತದೆ, ಅದರ ಗ್ರಂಥಿಯೂ ದೊಡ್ಡದಾಗಿರುತ್ತದೆ, ಹಿಕ್ಕೆಗಳನ್ನು ಗುಡ್ಡೆ ಹಾಕುವುದೂ ಗಡಿಯ ಗುರುತೇ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ನಾವು ಶುಚಿ ಮಾಡಿದೆವೆಂದು ತೃಪ್ತಿಪಡುವಾಗ ಮೊಲದ ದೃಷ್ಟಿಯಲ್ಲಿ ಅದರ ಗುರುತುಗಳೆಲ್ಲ ಅಳಿದುಹೋಗಿರುತ್ತವೆ. ಹುಲ್ಲನ್ನು ಕದಡಿ, ಬಟ್ಟಲಿನ ಅಂಚಿಗೆ ಗದ್ದ ಉಜ್ಜಿ, ಮೂಲೆಯಲ್ಲಿ ನಾಲ್ಕು ಹಿಕ್ಕೆ ಬಿಟ್ಟು ಅದು ಆ ಜಾಗವನ್ನು ಮತ್ತೆ ತನ್ನದಾಗಿಸಿಕೊಳ್ಳುತ್ತದೆ. ಒದ್ದೆಯಾದ ಮೂಲೆಯನ್ನು ದಿನವೂ ತೆಗೆದು, ಒಣಗಿದ ಹಳೆಯ ಹುಲ್ಲಿನ ಒಂದು ಹಿಡಿಯನ್ನು ಹೊಸದರೊಂದಿಗೆ ಬೆರೆಸುವುದು ಈ ಕಾರಣಕ್ಕೆ ಒಳ್ಳೆಯ ಪದ್ಧತಿ.

ಹಾಗೆಂದು ಒದ್ದೆ ಹುಲ್ಲನ್ನು ಉಳಿಸಬಾರದು. ಮೂತ್ರದಿಂದ ಏಳುವ ಅಮೋನಿಯ ನೆಲದ ಮಟ್ಟದಲ್ಲಿ ಉಸಿರಾಡುವ ಪ್ರಾಣಿಯ ಮೂಗನ್ನು ಉರಿಸುತ್ತದೆ, ಮೊಲವು ಅಂತಹ ಹಾಸನ್ನು ತಾನಾಗಿ ದೂರ ತಳ್ಳುತ್ತದೆ. ಮಡಿಕೇರಿ, ಆಗುಂಬೆಯಂತಹ ಕಡೆ ಮಳೆಗಾಲದಲ್ಲಿ ಭತ್ತದ ಹುಲ್ಲು ಗೂಡಿನೊಳಗೇ ಬೂಷ್ಟು ಹಿಡಿಯಬಹುದು. ಮೊಲ ಸರಿಸಿದ ಹುಲ್ಲನ್ನು ಮತ್ತೆ ಅದೇ ಜಾಗಕ್ಕೆ ತಳ್ಳುವ ಮೊದಲು ಮೂಸಿ ನೋಡಬೇಕು.

ಸೆಕೆ ಮತ್ತೊಂದು ಕಾರಣ. ಮೊಲ ಬೆವರುವುದಿಲ್ಲ, ಮೈಯ ಶಾಖವನ್ನು ಹೆಚ್ಚಾಗಿ ಕಿವಿಗಳ ರಕ್ತನಾಳಗಳ ಮೂಲಕ ಹೊರಹಾಕುತ್ತದೆ, ವಾತಾವರಣ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟಪಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹುಲ್ಲನ್ನೆಲ್ಲ ಬದಿಗೆ ಸರಿಸಿ ಬರೀ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದ ಮೊಲಕ್ಕೆ ಬೇಕಾದುದು ತಂಪು ಕಲ್ಲುಚಪ್ಪಡಿ, ನೆರಳು ಮತ್ತು ಗಾಳಿ.

ಹೆಣ್ಣು ಮೊಲದ ಗೂಡುಕಟ್ಟುವಿಕೆ

ಈ ವಿಷಯದಲ್ಲಿ ಅತ್ಯಂತ ಆಳವಾಗಿ ಅಧ್ಯಯನವಾಗಿರುವುದು ಈ ಭಾಗ, ಮತ್ತು ಕಲಿಯುವವರು ಹೆಚ್ಚು ಹೊತ್ತು ನಿಲ್ಲಬೇಕಾದುದೂ ಇಲ್ಲಿಯೇ. ಕಾಡಿನಲ್ಲಿ ಬಿಲ ತೋಡುವ ಕೆಲಸದ ಹೆಚ್ಚಿನ ಪಾಲು ಹೆಣ್ಣುಗಳದು. ಬಸುರಿಯು ಮರಿಗಳಿಗಾಗಿ ಹಲವೊಮ್ಮೆ ಬೇರೆಯೇ ಒಂದು ಚಿಕ್ಕ ಬಿಲವನ್ನು ತೋಡಿ, ಅದರೊಳಗೆ ಒಣಹುಲ್ಲು ಹಾಸಿ, ಅದರ ಮೇಲೆ ತನ್ನ ಮೈಯಿಂದಲೇ ಕಿತ್ತ ಕೂದಲನ್ನು ಹರಡುತ್ತದೆ. ಹೆತ್ತ ಮೇಲೆ ದಿನಕ್ಕೆ ಸಾಮಾನ್ಯವಾಗಿ ಒಮ್ಮೆ ಮಾತ್ರ, ಅದೂ ಮೂರು ನಾಲ್ಕು ನಿಮಿಷ ಹಾಲೂಡಿಸಿ, ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹೊರಟುಬಿಡುತ್ತದೆ. ತಾಯಿಯ ಮೈಶಾಖ ಸಿಗದ ಉಳಿದ ಅಷ್ಟೂ ಹೊತ್ತು ಮರಿಗಳನ್ನು ಕಾಯುವುದು ಆ ಹಾಸು ಮತ್ತು ಒಂದಕ್ಕೊಂದು ಅಂಟಿಕೊಂಡ ಮರಿಗಳ ಶಾಖ ಮಾತ್ರ. ಹಾಸು ಕಟ್ಟುವ ಒತ್ತಾಯ ಇಷ್ಟು ಬಲವಾಗಿರುವುದಕ್ಕೆ ಕಾರಣ ಇದು.

ಗರ್ಭಾವಧಿ ಸುಮಾರು 31 ದಿನ. ಅದರ ಎರಡನೆಯ ಅರ್ಧದಲ್ಲಿ, ಅಂಡಾಶಯದ ಹಾರ್ಮೋನುಗಳಾದ ಈಸ್ಟ್ರಡಿಯಾಲ್ ಮತ್ತು ಪ್ರೊಜೆಸ್ಟರಾನ್ ಎರಡೂ ಇರುವಾಗ, ತೋಡುವಿಕೆ ಹೆಚ್ಚುತ್ತದೆ. ಹೆರಿಗೆ ಸಮೀಪಿಸಿ ಪ್ರೊಜೆಸ್ಟರಾನ್ ಇಳಿಯುತ್ತಿದ್ದಂತೆ ತೋಡುವಿಕೆ ತಗ್ಗಿ ಹುಲ್ಲು ಹೊರುವುದು ಆರಂಭವಾಗುತ್ತದೆ: ಬಾಯಿಯ ಎರಡೂ ಕಡೆ ಮೀಸೆಯಂತೆ ಹುಲ್ಲಿನ ಕಂತೆ ಕಚ್ಚಿಕೊಂಡು ಹೆಣ್ಣು ಗೂಡಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮತ್ತೆ ಮತ್ತೆ ಓಡಾಡುತ್ತದೆ. ಕೊನೆಯಲ್ಲಿ ಎದೆ, ಹೊಟ್ಟೆ ಮತ್ತು ಪಕ್ಕೆಯ ಕೂದಲು ಸಡಿಲವಾಗಿ, ಅದನ್ನು ಕಿತ್ತು ಹಾಸುವ ಹಂತ ಬರುತ್ತದೆ. ಈ ಹಂತದಲ್ಲಿ ಹಾಲೂಡಿಕೆಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಕೂಡ ಪಾತ್ರ ವಹಿಸುತ್ತದೆ. ಮೆಕ್ಸಿಕೊದ ಸಂಶೋಧಕಿ ಗೇಬ್ರಿಯೆಲಾ ಗೊನ್ಸಾಲೆಸ್-ಮರಿಸ್ಕಾಲ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ, ಅಂಡಾಶಯ ತೆಗೆದ ಹೆಣ್ಣುಗಳಿಗೆ ಈ ಹಾರ್ಮೋನುಗಳನ್ನು ಕೊಟ್ಟು, ಬಳಿಕ ಪ್ರೊಜೆಸ್ಟರಾನನ್ನು ನಿಲ್ಲಿಸಿ, ಗರ್ಭವೇ ಇಲ್ಲದ ಮೊಲಗಳಲ್ಲಿ ಗೂಡುಕಟ್ಟುವ ವರ್ತನೆಯನ್ನು ಮೂಡಿಸಿ ತೋರಿಸಿದರು. ನೋಡುವವರಿಗೆ ಯೋಚಿಸಿ ಯೋಜಿಸಿದಂತೆ ಕಾಣುವ ಒಂದು ಕೆಲಸದ ಹಂತಗಳು ರಕ್ತದಲ್ಲಿನ ಹಾರ್ಮೋನಿನ ಏರಿಳಿತಕ್ಕೆ ಹೀಗೆ ಹೊಂದಿಕೊಂಡಿರುವುದು ಪ್ರಾಣಿವರ್ತನೆಯ ಅಭ್ಯಾಸದಲ್ಲಿ ನಾನು ಕಂಡ ಅತ್ಯಂತ ಸುಂದರ ಉದಾಹರಣೆಗಳಲ್ಲಿ ಒಂದು.

ಇದರಿಂದ ಒಂದು ಪ್ರಾಯೋಗಿಕ ತಿಳಿವು ದೊರೆಯುತ್ತದೆ. ಮೊಲದಲ್ಲಿ ಅಂಡೋತ್ಪತ್ತಿ ಆಗುವುದು ಕೂಡುವಿಕೆಯ ಪ್ರಚೋದನೆಯಿಂದ, ಸುಮಾರು 10 ಗಂಟೆಗಳ ಬಳಿಕ. ಒಂದು ಹೆಣ್ಣು ಇನ್ನೊಂದರ ಮೇಲೆ ಏರಿದರೂ ಆ ಪ್ರಚೋದನೆ ಸಾಕಾಗಬಹುದು. ಆಗ ಮರಿಗಳಿಲ್ಲದ ಹುಸಿಗರ್ಭ ಉಂಟಾಗಿ, 16ರಿಂದ 18 ದಿನಗಳ ಕೊನೆಯಲ್ಲಿ ಹೆಣ್ಣು ಹುಲ್ಲು ಹೊತ್ತು, ಕೂದಲು ಕಿತ್ತು, ಹತ್ತಿರ ಬಂದವರ ಮೇಲೆ ಗುರುಗುಟ್ಟುತ್ತದೆ. ಗಂಡಿಲ್ಲದ ಮನೆಯಲ್ಲಿ ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಆ ಕೆಲವು ದಿನ ಗೂಡನ್ನು ಕೆಡಿಸದೆ ಬಿಡುವುದು ಉತ್ತಮ. ಕಿತ್ತುಹಾಕಿದರೆ ಅದು ಇನ್ನಷ್ಟು ಕೂದಲು ಕೀಳುವ ಸಂಭವವಿದೆ. ಪದೇ ಪದೇ ಹೀಗಾಗುತ್ತಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಮೊಲಗಳ ಅನುಭವವಿರುವ ಪಶುವೈದ್ಯರನ್ನು ಕೇಳಬೇಕು. ವಯಸ್ಸಾದ ಹೆಣ್ಣುಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯವಾದ್ದರಿಂದ ಆ ಚಿಕಿತ್ಸೆಗೆ ಬೇರೆ ಪ್ರಯೋಜನವೂ ಇದೆ. ಚಿಕಿತ್ಸೆಯಾದ ಮೇಲೂ ಮೊಲ ತೋಡುತ್ತದೆ, ಹಾಸು ಮುದುರುತ್ತದೆ. ನಿಲ್ಲುವುದು ಕೂದಲು ಕೀಳುವ ಹಂತ.

ಸಂಕಟದ ಗುರುತು ಯಾವುದು

ತೋಡುವಿಕೆಯೆಲ್ಲವೂ ಸಹಜವೆಂದು ಸಮಾಧಾನಪಡುವುದು ಅದನ್ನು ತುಂಟತನವೆಂದು ತಳ್ಳಿಹಾಕುವಷ್ಟೇ ತಪ್ಪು. ಚಿಕ್ಕ ತಂತಿಪಂಜರದಲ್ಲಿ ಒಂಟಿಯಾಗಿಟ್ಟ ಮೊಲಗಳು ಒಂದೇ ಮೂಲೆಯನ್ನು ದೀರ್ಘಕಾಲ ಕೆರೆಯುವುದು, ಸರಳುಗಳನ್ನು ಕಡಿಯುವುದು ಸಂಶೋಧನೆಯಲ್ಲಿ ಚೆನ್ನಾಗಿ ದಾಖಲಾದ ವರ್ತನೆ. ಸಹಜ ಕೆಲಸದಲ್ಲಿ ವೈವಿಧ್ಯವಿರುತ್ತದೆ: ಕೆರೆಯುತ್ತದೆ, ನೂಕುತ್ತದೆ, ಮೂಸುತ್ತದೆ, ಆಮೇಲೆ ಅಲ್ಲಿಯೇ ಮೈ ಚಾಚಿ ಮಲಗುತ್ತದೆ. ಸಂಕಟದ ಕೆರೆತ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಸಾಗಿ, ವಿಶ್ರಾಂತಿಯಲ್ಲಿ ಮುಗಿಯದೆ ಮತ್ತೆ ಶುರುವಾಗುತ್ತದೆ. ಬ್ರಿಟನ್ನಿನ ಮೊಲ ಕಲ್ಯಾಣ ಸಂಘಟನೆಗಳು ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗವನ್ನು ಶಿಫಾರಸು ಮಾಡುತ್ತವೆ. ನಮ್ಮ ಪೇಟೆಗಳಲ್ಲಿ ಮಾರುವ ಪಂಜರಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ತಂತಿಯ ನೆಲ ಹಿಂಗಾಲಿನ ಅಡಿಯಲ್ಲಿ ಹುಣ್ಣು ಮಾಡುತ್ತದೆ, ಆ ನೋವಿಗೂ ಮೊಲ ಹಾಸನ್ನು ಒಂದು ಕಡೆ ದಪ್ಪವಾಗಿ ಒಟ್ಟಿಕೊಳ್ಳಬಹುದು. ಆದ್ದರಿಂದ ಹಾಸಿನ ಗುಡ್ಡೆ ಕಂಡಾಗ ಪಾದದ ಅಡಿಯನ್ನೂ ಒಮ್ಮೆ ನೋಡಬೇಕು.

ಜಾಗ ಹಿಗ್ಗಿಸುವುದರ ಜೊತೆಗೆ ತೋಡಲು ನಿಜವಾದ ಸಾಮಗ್ರಿ ಕೊಡಬೇಕು. ಮೊಲ ಒಳಗೆ ನಿಂತು ತಿರುಗುವಷ್ಟು ದೊಡ್ಡದಾದ ರಟ್ಟಿನ ಅಥವಾ ಮರದ ಪೆಟ್ಟಿಗೆಯಲ್ಲಿ ಔಷಧಿ ಸೇರದ ಮಣ್ಣು, ಹರಿದ ಕಾಗದ ಅಥವಾ ಒಣಹುಲ್ಲನ್ನು ತುಂಬಿಟ್ಟರೆ ತೋಡುವಿಕೆ ಬಹುಪಾಲು ಅಲ್ಲಿಗೆ ಹರಿಯುತ್ತದೆ. ತಿನ್ನುವ ಹುಲ್ಲನ್ನು ಅದು ಮಲವಿಸರ್ಜನೆಗೆ ಆರಿಸಿಕೊಂಡ ಮೂಲೆಯ ಪಕ್ಕದಲ್ಲಿಡಬೇಕು, ಏಕೆಂದರೆ ಮೊಲ ಎರಡನ್ನೂ ಒಟ್ಟಿಗೆ ಮಾಡುವ ಪ್ರಾಣಿ. ಎಳೆ ಎಳೆಯಾಗಿ ಬಿಚ್ಚುವ ಬಟ್ಟೆಯನ್ನು ಹಾಸಬಾರದು. ನುಂಗಿದ ನೂಲು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಹಾಸನ್ನು ಬಿಡದೆ ಕೆದಕುತ್ತಿರುವ ಮೊಲ ಅದೇ ಹೊತ್ತಿಗೆ ಹುಲ್ಲು ತಿನ್ನುವುದನ್ನು ನಿಲ್ಲಿಸಿದ್ದರೆ, ಹಿಕ್ಕೆ ಸಣ್ಣದಾಗಿದ್ದರೆ, ಬೆನ್ನು ಬಾಗಿಸಿ ಕುಳಿತು ಹಲ್ಲು ಕಡಿಯುತ್ತಿದ್ದರೆ ಅದು ಹೊಟ್ಟೆನೋವಿನ ಲಕ್ಷಣ. ಮೊಲದ ಕರುಳಿನ ಚಲನೆ ನಿಂತರೆ ಜೀವಕ್ಕೇ ಅಪಾಯವಿರುವುದರಿಂದ ಮರುದಿನದವರೆಗೆ ಕಾಯದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು.